ಮಳೆ ಪುಸ್ತಕವೂ ಗಣಕಯಂತ್ರವೂ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರವನ್ನು ಹಾದು ಕಳಸದ ಕಡೆಗೆ ಸಾಗುವ ದಾರಿಯ ಇಕ್ಕೆಲದಲ್ಲಿಯೂ ಕಾಫಿಯ ತೋಟಗಳೇ. ನೆಟ್ಟಗೆ ನಿಂತ ಸಿಲ್ವರ್ ಓಕ್ ಮರಗಳು, ಅವುಗಳನ್ನು ತಬ್ಬಿಕೊಂಡು ಮೇಲೇರಿದ ಮೆಣಸಿನ ಬಳ್ಳಿಗಳು, ಅವುಗಳ ನೆರಳಿನಲ್ಲಿ ಕಾಫಿ ಗಿಡಗಳ ಸಾಲುಗಳು. ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಕಾಣುವುದು ಇಷ್ಟೇ. ಆದರೆ ತೋಟದ ಮನೆಯ ಅಂಗಳಕ್ಕೆ ಕಾಲಿಟ್ಟವನು ಇನ್ನೊಂದು ವಸ್ತುವನ್ನೂ ಕಾಣುವನು. ಮರದ ನೆರಳು ಬೀಳದ ಬಯಲಿನಲ್ಲಿ, ನೆಲದಿಂದ ಒಂದಡಿಯಷ್ಟೇ ಎತ್ತರದಲ್ಲಿ, ಆಕಾಶದ ಕಡೆಗೆ ಬಾಯ್ದೆರೆದು ನಿಂತಿರುವ ಒಂದು ಲೋಹದ ಪಾತ್ರೆ. ಅದೇ ಮಳೆಮಾಪಕ.

ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ ಯಾರಾದರೊಬ್ಬರು, ಹೆಚ್ಚಾಗಿ ತೋಟದ ರೈಟರು, ಕೊಡೆ ಹಿಡಿದು ಅದರ ಬಳಿಗೆ ಹೋಗುತ್ತಾರೆ. ಪಾತ್ರೆಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಬಳಿಕ ಒಳಗೆ ಬಂದು ಒಂದು ಉದ್ದನೆಯ ಪುಸ್ತಕದಲ್ಲಿ ಆ ದಿನದ ತಾರೀಖಿನ ಎದುರಿಗೆ ಬರೆದಿಡುತ್ತಾರೆ: 2 ಇಂಚು 40 ಸೆಂಟು. ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಎಂದು ಹೆಸರು. ಸರಕಾರವು ಮಿಲಿಮೀಟರನ್ನು ಜಾರಿಗೆ ತಂದು ದಶಕಗಳೇ ಕಳೆದರೂ ಕಾಫಿ ನಾಡಿನ ನಾಲಗೆಯಲ್ಲಿ ಮಳೆಯು ಇಂದಿಗೂ ಇಂಚು ಸೆಂಟುಗಳಲ್ಲಿಯೇ ಸುರಿಯುತ್ತದೆ. ಇಬ್ಬರು ಬೆಳೆಗಾರರು ಮೂಡಿಗೆರೆಯ ಪೇಟೆಯಲ್ಲಿ ಎದುರಾದರೆ ಕುಶಲಪ್ರಶ್ನೆಗಿಂತ ಮೊದಲು ಹೊರಡುವ ಮಾತು "ನಿಮ್ಮಲ್ಲಿ ಎಷ್ಟು ಸೆಂಟಾಯ್ತು?" ಎಂಬುದೇ.

ಈ ಪುಸ್ತಕಕ್ಕೆ ಮಳೆ ಪುಸ್ತಕವೆಂದು ಹೆಸರು. ಹಳೆಯ ತೋಟಗಳಲ್ಲಿ ತಾತನ ಕಾಲದಿಂದ ಸಾಲಾಗಿ ಬಂದ ಇಂತಹ ಪುಸ್ತಕಗಳು ಬೀರುವಿನಲ್ಲಿ ಗೆದ್ದಲಿಗೂ ಬೂಸ್ಟಿಗೂ ಅಂಜುತ್ತ ಕುಳಿತಿರುವುದುಂಟು. ಈಚೆಗೆ ಈ ಪುಸ್ತಕಗಳು ಗಣಕಯಂತ್ರವನ್ನು ಹೊಗುವ ಕಾಲ ಬಂದಿದೆ. ಅಂಕಿಗಳನ್ನು ಗೆರೆಗಳನ್ನಾಗಿ ಮಾಡಿ ತೋರಿಸುವ, ಬರುತ್ತಿರುವ ಅಂಕಿಗಳ ಮೇಲೆ ಹಗಲಿರುಳು ಕಣ್ಣಿಟ್ಟು ಕಾಯುವ ತಂತ್ರಾಂಶಗಳು ಮನೆಯ ಮೇಜಿನ ಮೇಲಣ ಗಣಕದಲ್ಲಿಯೇ ನೆಲೆಗೊಳ್ಳಬಲ್ಲವು. ಅದೂ ಕಾಸು ಖರ್ಚಿಲ್ಲದೆ. ಆ ಕೆಲಸವು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಅದರಿಂದ ತೋಟಕ್ಕಾಗುವ ಉಪಕಾರವೇನು ಎಂಬುದು ಕುತೂಹಲದ ಸಂಗತಿಯಾಗಿದೆ.

ಹೂಮಳೆಯ ಲೆಕ್ಕ

ಮಳೆಯನ್ನು ಅಳೆಯುವ ಹವ್ಯಾಸ ಬಿಳಿಯರಿಂದ ಬಂದದ್ದೆಂದು ಅನೇಕರ ತಿಳಿವಳಿಕೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಉಗ್ರಾಣದ ಬಳಿ ಒಂದು ಮೊಳ ಅಗಲದ ಬಾಯಿಯ ಪಾತ್ರೆಯನ್ನಿಟ್ಟು ಮಳೆಯನ್ನಳೆಯುವ ವಿಧಾನವು ಬಂದಿದೆ. ಕೊರಿಯಾ ದೇಶದ ಸೇಜೊಂಗ್ ಅರಸನ ಕಾಲದಲ್ಲಿ, 1441ರಲ್ಲಿ, ಮಳೆಮಾಪಕಗಳು ಬಳಕೆಗೆ ಬಂದವು. ನಮ್ಮ ದೇಶದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಕಂದಾಯದವರಿಗೂ ವಿಜ್ಞಾನಿಗಳಿಗೂ ಬೇಕಾದ ಈ ಲೆಕ್ಕವು ಕಾಫಿ ಬೆಳೆಗಾರನಿಗೆ ಪ್ರಾಣದಷ್ಟು ಮುಖ್ಯವಾದುದಕ್ಕೆ ಕಾರಣ ಕಾಫಿ ಗಿಡದ ಸ್ವಭಾವ.

ಕಾಫಿಯ ಮೊಗ್ಗು ಬೇಸಗೆಯ ಬಿಸಿಲಿನಲ್ಲಿ ಬಾಯಿ ಮುಚ್ಚಿ ನಿದ್ರಿಸುತ್ತದೆ. ಫೆಬ್ರವರಿ ಮಾರ್ಚಿಯಲ್ಲಿ ರೊಬಸ್ಟಾಕ್ಕೆ, ಮಾರ್ಚಿ ಏಪ್ರಿಲಿನಲ್ಲಿ ಅರೇಬಿಕಾಕ್ಕೆ ಒಂದು ಒಳ್ಳೆಯ ಮಳೆ ಬಿದ್ದರೆ ಅದಕ್ಕೆ ಎಚ್ಚರವಾಗುವುದು. ಅದೇ ಹೂಮಳೆ. ಒಂದು ಇಂಚಿನಿಂದ ಒಂದೂವರೆ ಇಂಚಿನ ತನಕ ಬಂದರೆ ತೋಟಕ್ಕೆ ಸುಭಿಕ್ಷ. ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯ ರಾಶಿ ಸುರಿದಂತೆ ಬಿಳುಪಾಗುತ್ತದೆ. ಆ ಪರಿಮಳವನ್ನು ಒಮ್ಮೆ ಮೂಸಿದವನು ಮರೆಯಲಾರ. ಕೆಲವೇ ಸೆಂಟುಗಳ ಅರೆಮಳೆ ಬಂದು ನಿಂತಿತೋ, ಎಚ್ಚೆತ್ತ ಮೊಗ್ಗು ಅರಳಲಾರದೆ ಅರ್ಧಕ್ಕೇ ಒಣಗುವುದು. ಹೂ ಅರಳಿದ ದಿನವೇ ಜಡಿಮಳೆ ಹೊಡೆದರೂ ಕಷ್ಟ; ರೊಬಸ್ಟಾದ ಹೂವು ಬೇರೆ ಗಿಡದ ಪರಾಗವನ್ನು ಬಯಸುವಂತಹುದು, ಜೇನು ಹಾರಲಾರದ ದಿನ ಅದಕ್ಕೆ ವ್ಯರ್ಥ ದಿನ. ಹೂ ಬಿದ್ದ ಮೇಲೆ ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚುವುದಕ್ಕೆ. ತೋಟದವರ ಬಾಯಲ್ಲಿ ಇದು ಬ್ಯಾಕಿಂಗ್ ಮಳೆ. ಆಕಾಶವು ಕೈಕೊಟ್ಟರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರು ಹೊಡೆಯಬೇಕು. ಒಂದು ಎಕರೆಗೆ ಒಂದು ಇಂಚು ಮಳೆಯೆಂದರೆ ಒಂದು ಲಕ್ಷ ಲೀಟರಿಗಿಂತ ಮಿಗಿಲಾದ ನೀರು. ಅಷ್ಟನ್ನು ಡೀಸೆಲ್ ಸುಟ್ಟು ಮೇಲಕ್ಕೆತ್ತುವವನು ಇನ್ನೆರಡು ದಿನ ಕಾಯಲೋ ಬೇಡವೋ ಎಂದು ರಾತ್ರಿಯೆಲ್ಲ ಹೊರಳಾಡುವುದರಲ್ಲಿ ಆಶ್ಚರ್ಯವೇನು?

ಮುಂಗಾರು ಹಿಡಿದ ಮೇಲೆ ಚಿಂತೆ ಬೇರೆ. ಎಡೆಬಿಡದೆ ಸುರಿದರೆ ಎಲೆಯೂ ಕಾಯಿಯೂ ಕಪ್ಪಾಗಿ, ಬೂಸ್ಟಿನ ಎಳೆಯಲ್ಲಿ ಜೋತಾಡುವ ಕೊಳೆರೋಗ. ಈ ರೋಗವನ್ನು ತರುವ ಅಣಬೆಗೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿಯೂ 'ಕೊಳೆರೋಗ'ವೆಂಬ ನಮ್ಮ ಕನ್ನಡದ ಮಾತೇ ಸೇರಿಕೊಂಡಿದೆಯೆಂಬುದು ಹೆಮ್ಮೆಪಡಬೇಕಾದ ವಿಷಯವೋ ಅಲ್ಲವೋ ತಿಳಿಯದು. ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನ ಹೊಡೆಯಬೇಕು, ಗೊಬ್ಬರವನ್ನು ಮಳೆಯ ಬಿಡುವಿನಲ್ಲಿ ಹಾಕಬೇಕು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸರಕಾರವು ಕಾಫಿ ಪ್ರಯೋಗ ಕೇಂದ್ರವನ್ನು ತೆರೆದಂದಿನಿಂದ ಬೆಳೆಗಾರನಿಗೆ ಸಿಕ್ಕಿರುವ ಬುದ್ಧಿವಾದಗಳಲ್ಲಿ ಮಳೆಯ ಲೆಕ್ಕಕ್ಕೆ ಅಂಟಿಕೊಳ್ಳದ ಮಾತು ವಿರಳ.

ಪುಸ್ತಕದ ಕುರುಡು

ಇಷ್ಟು ಬೆಲೆಬಾಳುವ ಲೆಕ್ಕವಿದ್ದರೂ ಮಳೆ ಪುಸ್ತಕಕ್ಕೆ ಒಂದು ಕೊರತೆಯಿದೆ. ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು. ಇಂತಹ ವರ್ಷ ಇಂತಹ ದಿನ ಎಷ್ಟು ಮಳೆಯಾಯಿತೆಂದರೆ ಹೇಳುತ್ತದೆ. ಆದರೆ ನಲವತ್ತು ವರ್ಷಗಳಲ್ಲಿ ಹೂಮಳೆ ಹಿಂದಕ್ಕೆ ಸರಿಯುತ್ತಿದೆಯೋ ಮುಂದಕ್ಕೆ ಬರುತ್ತಿದೆಯೋ, ಆರಿದ್ರೆಯಲ್ಲಿ ಸುರಿಯಬೇಕಾದುದು ಆಶ್ಲೇಷಕ್ಕೆ ಜಾರಿತೇ ಎಂದು ಕೇಳಿದರೆ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಅಂಕಿಗಳನ್ನು ಎದುರಿಗೆ ಹರಡಿ ಸುಮ್ಮನಾಗುತ್ತದೆ. ಅಂಕಿಗಳ ಇಂತಹ ಮೌನವನ್ನು ಮುರಿಯಲು ಗೆರೆಯ ಚಿತ್ರಗಳನ್ನು ಬಳಕೆಗೆ ತಂದವನು ವಿಲಿಯಂ ಪ್ಲೇಫೇರ್. 1786ರಲ್ಲಿ ಆತನು ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳಲ್ಲಿ ಬರೆದು ತೋರಿಸಿದನು. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವುಗಳನ್ನು ವರ್ತುಲದ ಚಿತ್ರವಾಗಿಸಿ, ಗುಂಡಿಗಿಂತ ರೋಗವೇ ಹೆಚ್ಚು ಜನರನ್ನು ನುಂಗಿತೆಂದು ಅಧಿಕಾರಿಗಳ ಕಣ್ಣಿಗೆ ಕಟ್ಟಿಸಿದಳು.

ಈಗ ಆ ಕೆಲಸವನ್ನು ಮಾಡುವ ತಂತ್ರಾಂಶಗಳಲ್ಲಿ ಹೆಸರಾದ ಒಂದು ಗ್ರಫಾನಾ. ಸ್ವೀಡನ್ನಿನ ಟಾರ್ಕೆಲ್ ಓಡೆಗಾರ್ಡ್ ಎಂಬಾತನು 2014ರಲ್ಲಿ ಇದನ್ನು ಹೊರತಂದನು. ಮಳೆಗೂ ಇದಕ್ಕೂ ಮೊದಲಿಗೆ ಯಾವ ನಂಟೂ ಇರಲಿಲ್ಲ. ದೊಡ್ಡ ಕಂಪೆನಿಗಳ ಗಣಕಗಳು ಬಿಸಿಯಾದವೇ, ದಣಿದವೇ, ನಿಂತವೇ ಎಂದು ಕಾವಲು ಕಾಯುವವರಿಗಾಗಿ ಹುಟ್ಟಿದ್ದು ಇದು. ಆದರೆ ಕಾಲದೊಡನೆ ಬದಲಾಗುವ ಅಂಕಿ ಯಾವುದಾದರೇನು? ಗಣಕದ ಶಾಖವನ್ನು ಬರೆಯುವ ಗೆರೆ ಕಳಸದ ಮಳೆಯನ್ನೂ ಬರೆದೀತು.

ಮೇಜಿನ ಮೇಲೆ

ಮೂಡಿಗೆರೆಗೂ ಕಳಸಕ್ಕೂ ನಡುವಣ ಒಂದು ತೋಟದ ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ರಜೆಗೆ ಬಂದಿದ್ದಾಳೆ. ಅಜ್ಜಯ್ಯನವರು ಪುಸ್ತಕಗಳನ್ನು ಬೀರುವಿನಿಂದ ತೆಗೆದು ಧೂಳು ಕೊಡವಿದ್ದಾರೆ. ರೈಟರು ಓದುವವರು, ಹುಡುಗಿ ಬೆರಳಚ್ಚು ಮಾಡುವವಳು. ಇಂತಹ ಮನೆಯಲ್ಲಿ ನಡೆಯುವುದೇನೆಂದರೆ:

ತಂತ್ರಾಂಶವನ್ನು ನೆಲೆಗೊಳಿಸುವುದು ಅರ್ಧ ಗಂಟೆಯ ಕೆಲಸವೂ ಅಲ್ಲ. ಅದರ ತಯಾರಕರ ಜಾಲತಾಣದಿಂದ ವಿಂಡೋಸಿಗೆ ಹೊಂದುವ ಕಡತವನ್ನು ಇಳಿಸಿಕೊಳ್ಳಬೇಕು. ತೋಟದ ಮನೆಗೆ ಜಾಲದ ಸಂಪರ್ಕವು ಎಳೆ ಎಳೆಯಾಗಿ ಬರುವುದಾದುದರಿಂದ ಬೆಂಗಳೂರಿನಲ್ಲಿಯೇ ಇಳಿಸಿ ಪೆನ್‌ಡ್ರೈವಿನಲ್ಲಿ ತಂದವಳು ಜಾಣೆ. ಕಡತದ ಮೇಲೆ ಎರಡು ಬಾರಿ ಒತ್ತಿದರೆ ಗಣಕವು ಅನುಮತಿ ಕೇಳುವುದು. ಒಪ್ಪಿದರೆ ತಾನೇ ನೆಲೆಗೊಳ್ಳುವುದು. ಅನಂತರ ಹೊಸಬರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ತೆರೆಯ ಮೇಲೆ ಹೊಸ ಕಿಟಕಿಯೇನೂ ತೆರೆಯದು, ಚಿತ್ರವೇನೂ ಮೂಡದು. ಏಕೆಂದರೆ ಗ್ರಫಾನಾ ತೆರೆಮರೆಯಲ್ಲಿ ದುಡಿಯುವ ಆಳು. ಗಣಕವನ್ನು ಹೊತ್ತಿಸಿದಾಗಲೆಲ್ಲ ತಾನೂ ಎದ್ದು ಒಳಗೊಳಗೇ ಕೆಲಸ ನಡೆಸುತ್ತಿರುತ್ತದೆ. ಅದನ್ನು ಕಾಣಬೇಕಾದರೆ ಜಾಲತಾಣಗಳನ್ನು ನೋಡುವ ಬ್ರೌಸರನ್ನೇ ತೆರೆದು, ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದೂ ಅದರ ಮುಂದೆ ವಿಭಾಗಚಿಹ್ನೆಯಿಟ್ಟು 3000 ಎಂದೂ ಬರೆಯಬೇಕು. ಲೋಕಲ್‌ಹೋಸ್ಟ್ ಎಂದರೆ ಈ ಗಣಕವೇ. 3000 ಎಂಬುದು ಅದರ ಮನೆಯ ಬಾಗಿಲುಗಳಲ್ಲಿ ಒಂದರ ಸಂಖ್ಯೆ. ಹೊರಗಿನ ಜಾಲ ಸತ್ತಿದ್ದರೂ ಈ ಬಾಗಿಲು ತೆರೆಯುತ್ತದೆ. ಹೆಸರು ಕೇಳಿದರೆ ಅಡ್ಮಿನ್, ಗುಪ್ತಪದ ಕೇಳಿದರೂ ಅಡ್ಮಿನ್. ಲೋಕಕ್ಕೆಲ್ಲ ಗೊತ್ತಿರುವ ಈ ಗುಪ್ತಪದವನ್ನು ಬದಲಾಯಿಸೆಂದು ಅದೇ ಕೂಡಲೆ ಹೇಳುತ್ತದೆ. ಆ ಮಾತನ್ನು ಕೇಳುವುದು ಕ್ಷೇಮ.

ಇಷ್ಟಾದರೂ ಚಿತ್ರವಿಲ್ಲ. ಗ್ರಫಾನಾ ಬರಿಯ ಕಣ್ಣು, ಅದಕ್ಕೆ ಹೊಟ್ಟೆಯಿಲ್ಲ. ಅಂಕಿಗಳನ್ನು ಕೂಡಿಡುವ ಭಂಡಾರವು ಬೇರೆಯೇ ಇರಬೇಕು. ಇಲ್ಲಿ ಅನೇಕರು ತಪ್ಪು ಹೆಜ್ಜೆಯಿಡುವುದುಂಟು. ಗ್ರಫಾನಾದ ಜೊತೆಗೆ ಎಲ್ಲರ ಬಾಯಲ್ಲಿಯೂ ಬರುವ ಹೆಸರು ಪ್ರೊಮೀಥಿಯಸ್. 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತದ ಕಂಪೆನಿಯಲ್ಲಿ ಹುಟ್ಟಿದ ಕಾವಲುಗಾರ ತಂತ್ರಾಂಶ. ಕೆಲವು ಸೆಕೆಂಡುಗಳಿಗೊಮ್ಮೆ ಯಂತ್ರಗಳ ನಾಡಿ ಹಿಡಿದು ನೋಡುವುದರಲ್ಲಿ ಅದು ನಿಪುಣ. ಆದರೆ ನಾವಾಗಿ ಬೇರೆ ಹೇಳದಿದ್ದರೆ ಅದು ಹದಿನೈದು ದಿನಗಳ ಹಿಂದಿನದನ್ನು ಅಳಿಸಿಬಿಡುತ್ತದೆ! ನಿನ್ನೆಯ ಗಣಕ ನಿಂತದ್ದೇಕೆ ಎಂದು ಹುಡುಕುವವನಿಗೆ ಹದಿನೈದು ದಿನ ಧಾರಾಳವಾಯಿತು. ತಾತನ ಕಾಲದ ಮಳೆಯನ್ನು ಅದರ ಕೈಗಿಡುವುದು ಅವಿವೇಕ. ಮಳೆ ಪುಸ್ತಕಕ್ಕೆ ಬೇಕಾದುದು ಪೋಸ್ಟ್‌ಗ್ರೆಸ್ ಅಥವಾ ಮೈಸೀಕ್ವೆಲ್‌ನಂತಹ, ಕೋಷ್ಟಕದಲ್ಲಿ ಬರೆದದ್ದನ್ನು ಬರೆದಂತೆಯೇ ಕಾಪಾಡುವ ಭಂಡಾರ. ಅವೂ ಪುಕ್ಕಟೆಯೇ. ಕೋಷ್ಟಕದಲ್ಲಿ ಎರಡು ಕಂಬಸಾಲು ಸಾಕು: ತಾರೀಖು ಒಂದು, ಮಳೆ ಒಂದು.

ಭಂಡಾರವನ್ನು ಕಣ್ಣಿಗೆ ಜೋಡಿಸಿ, ಹುಡುಗಿಯು ಮೊದಲ ಚಿತ್ರವನ್ನು ಬರೆಯಲು ಆಜ್ಞೆಯಿತ್ತಾಗ ತೆರೆಯ ಮೇಲೆ ಮೂಡುವುದು ಎರಡೇ ಮಾತು: 'ನೋ ಡೇಟಾ'. ಮೂರು ದಿನ ಕುಳಿತು ಬೆರಳಚ್ಚು ಮಾಡಿದವಳ ಮುಖ ಬಾಡದೆ ಇದ್ದೀತೇ? ತಪ್ಪು ಅವಳದಲ್ಲ. ಗ್ರಫಾನಾ ಹುಟ್ಟುಗುಣದಿಂದ ಕಳೆದ ಆರು ಗಂಟೆಗಳ ಸಂಗತಿಯನ್ನು ಮಾತ್ರ ತೋರಿಸುತ್ತದೆ. ಮೇಲಿನ ಮೂಲೆಯಲ್ಲಿರುವ ಗಡಿಯಾರದ ಗುರುತನ್ನು ಒತ್ತಿ, ಆರು ಗಂಟೆಯ ಬದಲು ನಲವತ್ತು ವರ್ಷ ಎಂದು ತಿದ್ದಿದೊಡನೆ ತೆರೆಯ ಉದ್ದಕ್ಕೂ ಗೆರೆಗಳು ಎದ್ದು ನಿಲ್ಲುತ್ತವೆ. ಒಂದೊಂದು ವರ್ಷಕ್ಕೆ ಒಂದೊಂದು ಗುಡ್ಡ. ಗುಡ್ಡ ಗುಡ್ಡಗಳ ನಡುವೆ ಬೇಸಗೆಯ ಬಯಲು. ಮಲೆನಾಡಿನ ಬೆಟ್ಟಸಾಲನ್ನೇ ದೂರದಿಂದ ಕಂಡಂತೆ.

ಜನವರಿಯ ಜಡಿಮಳೆ

ನಿಜವಾದ ಕೆಲಸ ಆರಂಭವಾಗುವುದು ಇಲ್ಲಿಂದ ಮುಂದೆ. ಗುಡ್ಡಗಳ ನಡುವಣ ಬಯಲಿನಲ್ಲಿ, ಜನವರಿ ತಿಂಗಳ ಏಳನೆಯ ತಾರೀಖಿನಂದು, ನಾಲ್ಕಿಂಚಿನ ಒಂದು ಗೆರೆ ಗಳುವಿನಂತೆ ನಿಂತಿದೆ.

"ಇದೇನು ಮಗಾ? ಜನವರಿಯಲ್ಲಿ ಕಾಫಿ ಕಣದಲ್ಲಿ ಒಣಗ್ತಾ ಇರ್ತದೆ. ನಾಲ್ಕಿಂಚು ಬಂದಿದ್ರೆ ಅವತ್ತೇ ನಾನು ಈ ತೋಟ ಮಾರಿರ್ತಿದ್ದೆ," ಎನ್ನುವರು ಅಜ್ಜಯ್ಯ.

"ಪುಸ್ತಕದಲ್ಲಿ ಹಾಗಿಲ್ಲ, ಸಣ್ಣಮ್ಮ. ನಾನು ಸರಿಯಾಗೇ ಓದಿದೀನಿ," ಎಂದು ರೈಟರು ತಮ್ಮ ಕಡೆಯ ಸಾಕ್ಷ್ಯವನ್ನು ಮುಂದಿಡುವರು.

ಮೂವರದೂ ಸರಿ, ತಪ್ಪು ತಾರೀಖನ್ನು ಬರೆಯುವ ಪದ್ಧತಿಯದು. ನಮ್ಮಲ್ಲಿ 1/7 ಎಂದರೆ ಜುಲೈ ಒಂದು. ಅಮೆರಿಕದವರಿಗೆ ಅದು ಜನವರಿ ಏಳು. ಗಣಕವು ಅಮೆರಿಕದ ಸಂಪ್ರದಾಯದಲ್ಲಿ ದೀಕ್ಷೆ ಪಡೆದಿದ್ದರೆ ಜುಲೈ ತಿಂಗಳ ಮೊದಲ ಹನ್ನೆರಡು ದಿನಗಳ ಮಳೆಯನ್ನು ವರ್ಷದ ಹನ್ನೆರಡು ತಿಂಗಳುಗಳ ಏಳನೆಯ ತಾರೀಖಿಗೆ ಹಂಚಿಬಿಡುತ್ತದೆ. ಹದಿಮೂರನೆಯ ದಿನದಿಂದ ಮುಂದಿನದು ಅದಕ್ಕೆ ತಾರೀಖೆಂದೇ ತೋರದು, ಏಕೆಂದರೆ ಹದಿಮೂರನೆಯ ತಿಂಗಳೆಂಬುದಿಲ್ಲವಷ್ಟೆ. ಪುಸ್ತಕದ ಪುಟಗಳಲ್ಲಿ ಅಥವಾ ಬರಿಯ ಅಂಕಿಯ ಕೋಷ್ಟಕದಲ್ಲಿ ಈ ಪ್ರಮಾದ ವರ್ಷಗಟ್ಟಲೆ ಅಡಗಿರಬಹುದಿತ್ತು. ಚಿತ್ರದಲ್ಲಿ ಅದು ಒಂದು ಕ್ಷಣವೂ ಅಡಗಲಾರದು. ಅದೂ ತೋಟವನ್ನು ಬಲ್ಲ ಕಣ್ಣಿನ ಮುಂದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ತಾರೀಖನ್ನು ಬರೆದರೆ ಈ ಗೊಂದಲಕ್ಕೆ ಎಡೆಯೇ ಇಲ್ಲ.

ಇಂತಹ ಬಲೆಗಳು ಇನ್ನೂ ಇವೆ. ಹಳೆಯ ಪುಸ್ತಕಗಳು ಇಂಚಿನಲ್ಲಿದ್ದು ಹೊಸವು ಮಿಲಿಮೀಟರಿನಲ್ಲಿದ್ದರೆ, ಪದ್ಧತಿ ಬದಲಾದ ವರ್ಷದಿಂದ ಮಳೆಯು ಇಪ್ಪತ್ತೈದು ಪಟ್ಟು ಹೆಚ್ಚಿದಂತೆ ಗೆರೆ ನೆಗೆಯುತ್ತದೆ, ಇಂಚನ್ನು 25.4ರಿಂದ ಗುಣಿಸಿಕೊಳ್ಳಬೇಕು. ಇದಕ್ಕಿಂತ ಗುಪ್ತವಾದುದು ಲೋಟದ ತಪ್ಪು. ಐದಿಂಚು ಬಾಯಿಯ ಮಾಪಕಕ್ಕೆ ಅದರದೇ ಲೋಟವಿದೆ. ಅದು ಒಡೆದು, ಎಂಟಿಂಚಿನ ಮಾಪಕದ ಲೋಟವನ್ನು ಯಾರಾದರೂ ತಂದಿಟ್ಟರೆ ಒಂದಿಂಚಿನ ಮಳೆ 39 ಸೆಂಟೆಂದು ಓದಿಕೊಳ್ಳುವುದು. ಎಂದೋ ಒಂದು ವರ್ಷದಿಂದ ಎಲ್ಲ ಗುಡ್ಡಗಳೂ ಒಮ್ಮೆಗೇ ಕುಗ್ಗಿದ್ದರೆ ಬರಗಾಲವೆಂದು ಗಾಬರಿಪಡುವ ಮುನ್ನ ಲೋಟವನ್ನು ಪರೀಕ್ಷಿಸುವುದು ಲೇಸು.

ಎಂಟೂವರೆಗೆ ಅಳೆದ ನೀರು ಯಾವ ದಿನದ್ದು? ಅದರ ಹೆಚ್ಚಿನ ಪಾಲು ನಿನ್ನೆ ಸುರಿದದ್ದು. ಹವಾಮಾನ ಇಲಾಖೆಯವರು ಅಳೆದ ದಿನದ ತಾರೀಖಿಗೆ ಬರೆಯುತ್ತಾರೆ. ತೋಟಗಳಲ್ಲಿ ಹಿಂದಿನ ದಿನಕ್ಕೆ ಬರೆಯುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಆಗಲಿ, ನಡುವೆ ಬದಲಾಗಬಾರದು. ಹೂಮಳೆಯಿಂದ ಹೂವಿಗೆ ದಿನ ಎಣಿಸುವವನಿಗೆ ಒಂದು ದಿನವೂ ದಿನವೇ.

ಇನ್ನು ಬರೆಯದೆ ಬಿಟ್ಟ ದಿನಗಳು. ಮಳೆ ಬಾರದ ದಿನಕ್ಕೂ ಅಳೆಯದ ದಿನಕ್ಕೂ ಪುಸ್ತಕದಲ್ಲಿ ಒಂದೇ ಗುರುತು: ಖಾಲಿ ಜಾಗ. ಗಣಕಕ್ಕೆ ಇವೆರಡೂ ಬೇರೆ ಬೇರೆ. ಸೊನ್ನೆಯೆಂದರೆ ಮಳೆಯಿಲ್ಲ, ಖಾಲಿಯೆಂದರೆ ತಿಳಿಯದು. ಖಾಲಿಯನ್ನೆಲ್ಲ ಸೊನ್ನೆಯಾಗಿಸಿದರೆ ಜುಲೈ ತಿಂಗಳ ನಡುವೆ ಬೇಸಗೆ ಮೂಡೀತು. ಡಿಸೆಂಬರಿನ ಖಾಲಿ ಸೊನ್ನೆಯೇ ಇರಬಹುದು. ಜುಲೈಯ ಖಾಲಿ ಎಂದಿಗೂ ಸೊನ್ನೆಯಲ್ಲವೆಂದು ಹೇಳಬಲ್ಲವರು ಅಜ್ಜಯ್ಯನೇ ಹೊರತು ಯಂತ್ರವಲ್ಲ. ಹಾಗೆಯೇ, ತಿಂಗಳ ಚಿತ್ರವನ್ನು ಕೇಳಿದರೆ ತಂತ್ರಾಂಶವು ಕೆಲವು ಭಂಡಾರಗಳಲ್ಲಿ ಸರಾಸರಿ ತೆಗೆಯಲು ಹವಣಿಸುವುದು. ಶಾಖಕ್ಕೆ ಸರಾಸರಿ ಸರಿ, ಮಳೆಗೆ ಬೇಕಾದುದು ಮೊತ್ತ. ಆ ಒಂದು ಪದವನ್ನು ತಿದ್ದದಿದ್ದರೆ ಕೊಟ್ಟಿಗೆಹಾರದ ಜುಲೈ ಬಳ್ಳಾರಿಯ ಜುಲೈಯಂತೆ ಕಾಣುವುದು.

ತಂತ್ರಾಂಶಕ್ಕೆ ವಾರ ತಿಂಗಳುಗಳು ಗೊತ್ತು, ಮಳೆನಕ್ಷತ್ರಗಳು ಗೊತ್ತಿಲ್ಲ. ಮಲೆನಾಡಿನವರ ಮನಸ್ಸಿನಲ್ಲಿ ಮಳೆಗಾಲವು ಜೂನು ಜುಲೈ ಎಂದು ಹಂಚಿಕೊಂಡಿಲ್ಲ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಹದಿಮೂರು ಹದಿನಾಲ್ಕು ದಿನಗಳ ಕಂತುಗಳಲ್ಲಿ ಅದು ಬರುತ್ತದೆ. ಪಂಚಾಂಗವನ್ನು ನೋಡಿ ಒಂದೊಂದು ನಕ್ಷತ್ರ ಆರಂಭವಾಗುವ ದಿನವನ್ನು ಇನ್ನೊಂದು ಚಿಕ್ಕ ಕೋಷ್ಟಕದಲ್ಲಿ ಬರೆದು ಭಂಡಾರಕ್ಕೆ ಸೇರಿಸಿದರೆ ಗ್ರಫಾನಾ ನಕ್ಷತ್ರವಾರು ಚಿತ್ರವನ್ನು ಬರೆದುಕೊಡುವುದು. ಚಿತ್ರದ ತಲೆಬರಹವನ್ನೂ ನಕ್ಷತ್ರದ ಹೆಸರುಗಳನ್ನೂ ಕನ್ನಡದಲ್ಲಿಯೇ ಬರೆಯಬಹುದು. ಗಣಕದಲ್ಲಿ ಕನ್ನಡವು ಸಲೀಸಾಗಿ ಓಡಾಡಬೇಕೆಂದು, ಇದೇ ಮೂಡಿಗೆರೆಯ ತೋಟದಲ್ಲಿ ಕುಳಿತು, 2007ರಲ್ಲಿ ತೀರಿಕೊಳ್ಳುವವರೆಗೂ ವಾದಿಸಿದವರು ಪೂರ್ಣಚಂದ್ರ ತೇಜಸ್ವಿಯವರು. ತಂತ್ರಾಂಶದ ಒಳಗಿನ ಗುಂಡಿಗಳ ಹೆಸರುಗಳು ಮಾತ್ರ ಇನ್ನೂ ಇಂಗ್ಲಿಷಿನಲ್ಲಿಯೇ ಉಳಿದಿವೆ.

ಕಾವಲು

ಹಳೆಯದನ್ನು ನೋಡುವುದು ಒಂದು. ಈಗ ಸುರಿಯುತ್ತಿರುವುದರ ಮೇಲೆ ಕಣ್ಣಿಡುವುದು ಇನ್ನೊಂದು. ಇದಕ್ಕೆ ಬೇರೆ ಬಗೆಯ ಮಾಪಕ ಬೇಕು. ಅದರ ಒಳಗೆ ಏತದ ಮರದಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿದರೆ ತಾನೇ ಮಗುಚಿಕೊಳ್ಳುತ್ತದೆ, ಇನ್ನೊಂದು ಮೇಲೆ ಬರುತ್ತದೆ; ಮಗುಚಿದಾಗಲೆಲ್ಲ ಒಂದು ಅಯಸ್ಕಾಂತವು ತಂತಿಯೊಳಗೆ ಮಿಂಚಿನ ಒಂದು ಮಿಡಿತವನ್ನು ಕಳುಹಿಸುತ್ತದೆ. ಇಂತಹ ಅನೇಕ ಮಾಪಕಗಳಲ್ಲಿ ಒಂದು ಮಗುಚಿಗೆ ಇಂಚಿನ ನೂರನೆಯ ಒಂದು ಪಾಲು, ಅಂದರೆ ನಮ್ಮ ಒಂದು ಸೆಂಟು! ಬೆಳೆಗಾರರ ಹಳೆಯ ಅಳತೆಯೂ ಹೊಸ ಯಂತ್ರದ ಅಳತೆಯೂ ಹೀಗೆ ಕೈಕೈ ಹಿಡಿದಿರುವುದನ್ನು ಕಂಡು ರೈಟರಿಗೆ ಸಮಾಧಾನವಾದರೆ ಅದು ಸಹಜ. ಮಿಡಿತಗಳನ್ನು ಎಣಿಸುವ ಬೆರಳುದ್ದದ ಒಂದು ಫಲಕವು ಅವನ್ನು ತಂತಿಯಿಂದಲೋ ರೇಡಿಯೋ ಅಲೆಗಳಿಂದಲೋ ಮನೆಯ ಗಣಕಕ್ಕೆ ಮುಟ್ಟಿಸುತ್ತದೆ. ಇಂತಹ ಉಪಕರಣಗಳಿಗೆಂದು ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಅಲೆಗಳನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿದ್ದಾರೆ. ದಟ್ಟ ಮರಗಳೂ ಗುಡ್ಡದ ತಿರುವುಗಳೂ ಅಲೆಯನ್ನು ನುಂಗುವುವಾದ್ದರಿಂದ ಪೆಟ್ಟಿಗೆಯ ಮೇಲೆ ಬರೆದಿರುವ ದೂರವನ್ನು ಮಲೆನಾಡಿನಲ್ಲಿ ನಂಬಬಾರದು.

ದಿನಕ್ಕೊಂದು ಅಂಕಿಯ ಪುಸ್ತಕವು ಹೇಳಲಾರದ ಸಂಗತಿಯೊಂದನ್ನು ಈ ಮಾಪಕ ಹೇಳುತ್ತದೆ. ಹತ್ತಿಂಚು ಮಳೆ ಇಡೀ ಹಗಲಿರುಳಿನಲ್ಲಿ ಬಂದುದೋ ಐದೇ ಗಂಟೆಗಳಲ್ಲಿ ಬಂದುದೋ ಎಂಬುದೇ ಅದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂತಹ ಹಳ್ಳಿಗಳ ಮೇಲೆ ಗುಡ್ಡ ಜಾರಿ ಮನೆಗಳೂ ತೋಟಗಳೂ ಕೊಚ್ಚಿಹೋದುದನ್ನು ಈ ಸೀಮೆಯವರು ಮರೆತಿಲ್ಲ. ದಿನಗಟ್ಟಲೆ ನೀರು ಕುಡಿದು ಸಡಿಲಗೊಂಡ ಮಣ್ಣಿನ ಮೇಲೆ ಕೆಲವೇ ಗಂಟೆಗಳಲ್ಲಿ ಸುರಿಯುವ ಮಳೆ ಎಂತಹುದೆಂಬುದನ್ನು ಬೆಳಗಿನ ಎಂಟೂವರೆಯ ಲೋಟ ತಡವಾಗಿ ತಿಳಿಸುತ್ತದೆ. ಗ್ರಫಾನಾದಲ್ಲಿ ಎಚ್ಚರಿಕೆಯ ಮಿತಿಯನ್ನು ಗೊತ್ತುಮಾಡಿಟ್ಟರೆ, ಗಂಟೆಗೆ ಇಷ್ಟು ಸೆಂಟು ಮೀರಿದೊಡನೆ ಅದು ಫೋನಿಗೆ ಸುದ್ದಿ ಕಳುಹಿಸಬಲ್ಲದು.

ಕಳುಹಿಸಬಲ್ಲದು, ಆದರೆ ಕರೆಂಟೂ ಜಾಲವೂ ಇದ್ದರೆ. ಅಂತಹ ರಾತ್ರಿಗಳಲ್ಲಿ ಮೊದಲು ಕೈಬಿಡುವವೇ ಅವೆರಡು. ಸಿಲ್ವರ್ ಓಕಿನ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು. ಮೇಜಿನ ಗಣಕಕ್ಕೆ ಯುಪಿಎಸ್ ಕೊಟ್ಟರೂ ಅದು ಗಂಟೆಗಳ ಮಾತು, ಕಳಸದ ಕಡೆ ಕರೆಂಟು ಹೋದರೆ ದಿನಗಳ ಮಾತು. ಆದುದರಿಂದ ಜೀವಕ್ಕೆ ಸಂಬಂಧಪಟ್ಟ ಎಚ್ಚರಿಕೆಯನ್ನು ಮನೆಯ ಗಣಕಕ್ಕೆ ಒಪ್ಪಿಸಿ ನಿದ್ರಿಸುವುದು ಸರಿಯಲ್ಲ. ಅದಕ್ಕೆಂದೇ ಸರಕಾರದ ಏರ್ಪಾಡೊಂದಿದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಘಟಕವೇ ಬೆಳೆದು ಇಂದು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿಗಳಲ್ಲಿ ಅದು ನೆಟ್ಟಿರುವ, ಬಿಸಿಲಿನಿಂದ ಶಕ್ತಿ ಪಡೆಯುವ ಮಾಪಕಗಳು ಹದಿನೈದು ನಿಮಿಷಗಳಿಗೊಮ್ಮೆ ಮಳೆಯ ಸುದ್ದಿಯನ್ನು ರಾಜಧಾನಿಗೆ ಮುಟ್ಟಿಸುತ್ತವೆ.

ಬೆಳೆಗಾರನಿಗೆ ಈ ಪಂಚಾಯತಿ ಮಾಪಕದ ಮೇಲೆ ಇನ್ನೊಂದು ಕಣ್ಣೂ ಇದೆ. ಅಡಿಕೆಗೂ ಕಾಳುಮೆಣಸಿಗೂ ಹವಾಮಾನವನ್ನು ಆಧರಿಸಿದ ಬೆಳೆವಿಮೆಯುಂಟು. ಪರಿಹಾರವನ್ನು ನಿರ್ಣಯಿಸುವುದು ಗೊತ್ತುಪಡಿಸಿದ ಮಾಪಕದ ಅಂಕಿಯೇ ಹೊರತು ತೋಟದ ಮಳೆ ಪುಸ್ತಕವಲ್ಲ. ಮಲೆನಾಡಿನ ಮಳೆಯೋ ಗುಡ್ಡದ ಈ ಕಡೆ ಸುರಿದು ಆ ಕಡೆ ಬಿಸಿಲು ಕಾಯುವಂತಹುದು. ತನ್ನ ಗಣಕದ ಗೆರೆಯನ್ನೂ ಪಂಚಾಯತಿಯ ಗೆರೆಯನ್ನೂ ಒಂದೇ ಚಿತ್ರದಲ್ಲಿ ಮೇಲೆ ಕೆಳಗೆ ಇಟ್ಟು ನೋಡಿದ ಬೆಳೆಗಾರನಿಗೆ ಹಣ ಸಿಗದಿದ್ದರೂ, ಅಂತರವೆಷ್ಟೆಂದು ತಾರೀಖು ಸಹಿತ ತೋರಿಸಿ ವಾದಿಸಲು ಆಧಾರ ಸಿಗುತ್ತದೆ. ಬಾಯಿಮಾತಿನ ದೂರಿಗೂ ಗೆರೆಯ ದೂರಿಗೂ ಕಚೇರಿಗಳಲ್ಲಿ ಬೇರೆ ಬೇರೆ ಮರ್ಯಾದೆ.

ಹೊಸ ಮಾಪಕ ಬಂದಿತೆಂದು ಹಳೆಯ ಲೋಹದ ಪಾತ್ರೆಗೆ ನಿವೃತ್ತಿಯಿಲ್ಲ. ಮಳೆ ಬಿರುಸಾದಾಗ ಬಟ್ಟಲು ಮಗುಚಿಕೊಳ್ಳುವ ಗಳಿಗೆಯಲ್ಲಿ ಬಿದ್ದ ನೀರು ಲೆಕ್ಕ ತಪ್ಪುವುದರಿಂದ ಅದು ನಿಜಕ್ಕಿಂತ ಕಡಿಮೆ ಹೇಳುತ್ತದೆ. ಆಲಿಕೆಯ ಬಾಯಿಗೆ ಒಂದು ಎಲೆ ಅಡ್ಡ ಬಿದ್ದರೆ, ಜೇಡವೊಂದು ಒಳಗೆ ಸಂಸಾರ ಹೂಡಿದರೆ ಹೇಳುವುದನ್ನೇ ನಿಲ್ಲಿಸುತ್ತದೆ. ಗಣಕದ ತೆರೆಯ ಮೇಲೆ ಮಾತ್ರ ಸೊನ್ನೆಯ ಗೆರೆ ಸೊಗಸಾಗಿ ಓಡುತ್ತಲೇ ಇರುವುದು. ಎರಡೂ ಅಕ್ಕಪಕ್ಕದಲ್ಲಿದ್ದು ಬೆಳಿಗ್ಗೆ ತಾಳೆ ನೋಡಿದರೆ ತಪ್ಪು ಅಂದೇ ಸಿಕ್ಕಿಬೀಳುವುದು. ಭಂಡಾರದ ಪ್ರತಿಯೊಂದನ್ನು ವಾರಕ್ಕೊಮ್ಮೆ ಬೇರೆಡೆ ತೆಗೆದಿಡುವುದನ್ನೂ ಮರೆಯಲಾಗದು. ಹೂಮಳೆಯು ಗುಡುಗು ಸಿಡಿಲುಗಳ ಮೆರವಣಿಗೆಯಲ್ಲಿಯೇ ಬರುವಂತಹುದು. ಒಂದು ಸಿಡಿಲು ಗಣಕದ ಕಡೆಗೆ ಹರಿದರೆ ನಲವತ್ತು ವರ್ಷದ ಮಳೆ ಒಮ್ಮೆಗೇ ಆವಿಯಾದೀತು. ಸರಪಳಿಯನ್ನು ಸೇರಿಸಿ ತಂತಿಗಳನ್ನೆಲ್ಲ ಗೋಡೆಯಿಂದ ಕಿತ್ತಿಡುವ ಮಲೆನಾಡಿನ ಹೆಂಗಸರ ಹಳೆಯ ಪದ್ಧತಿ ಈ ವಿಷಯದಲ್ಲಿ ಯಾವ ಯಂತ್ರಕ್ಕಿಂತಲೂ ನಂಬಿಕೆಗೆ ಅರ್ಹ.

ಅಂಚಿನ ಬರಹ

ಮಳೆ ಪುಸ್ತಕಗಳಲ್ಲಿ ಅಂಕಿಯಲ್ಲದ ಇನ್ನೊಂದು ಸಂಪತ್ತಿದೆ. ಬರೆಯುವವರು ಅಂಚಿನಲ್ಲಿ ಒಂದೆರಡು ಮಾತು ಗೀಚಿಡುತ್ತಾರೆ. ಮೇಲಣ ಪಟ್ಟೆ ಹೂವಾಯಿತು. ಬೋರ್ಡೋ ಮುಗಿಯಿತು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿತು, ಹೊರನಾಡಿನ ದಾರಿ ಬಂದ್. ಅಂಕಿಗಳನ್ನು ಗಣಕಕ್ಕೆ ಇಳಿಸುವವರು ಅವಸರದಲ್ಲಿ ಈ ಅಂಚನ್ನು ಬಿಟ್ಟುಬಿಡುವುದು ಹೆಚ್ಚು. ಬಿಡಬೇಕಾಗಿಲ್ಲ. ಗೆರೆಯ ಮೇಲೆ ಬೇಕಾದ ದಿನದ ಬಳಿ ಒತ್ತಿ ಟಿಪ್ಪಣಿ ಬರೆಯುವ ಅನುಕೂಲವು ಗ್ರಫಾನಾದಲ್ಲಿದೆ. ಬರೆದಲ್ಲಿ ಒಂದು ಸಣ್ಣ ಕಡ್ಡಿ ನಿಲ್ಲುತ್ತದೆ, ಮುಟ್ಟಿದರೆ ಮಾತು ತೆರೆದುಕೊಳ್ಳುತ್ತದೆ.

ನಮ್ಮ ಮನೆಯ ಹುಡುಗಿಯೂ ಜುಲೈ ತಿಂಗಳೊಂದರ ನಡುವೆ ಗೆರೆ ಹರಿದುಹೋಗಿರುವ ಜಾಗವನ್ನು ತೋರಿಸಿ ಕೇಳುವಳು:

"ಇಲ್ಲಿ ಒಂಬತ್ತು ದಿನ ಯಾರೂ ಬರೆದಿಲ್ಲವಲ್ಲ, ಅಜ್ಜಯ್ಯ?"

ಅಜ್ಜಯ್ಯ ಕನ್ನಡಕವನ್ನು ಏರಿಸಿ ವರ್ಷವನ್ನು ಓದುವರು. ಬಳಿಕ ರೈಟರ ಮುಖವನ್ನು ನೋಡುವರು.

"ನಿನ್ನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದು ಆವಾಗಲೇ. ಸೇತುವೆ ಮುಳುಗಿತ್ತು. ಇವರೇ ಜೊತೆಗಿದ್ದು ಕುರ್ಚಿಯಲ್ಲಿ ಹೊತ್ತು ದಾಟಿಸಿದ್ದು. ಮನೆಯಲ್ಲಿ ಲೋಟ ಹಿಡಿಯೋರು ಯಾರೂ ಇರಲಿಲ್ಲ."

ಹುಡುಗಿ ಹರಿದ ಗೆರೆಯ ಬಳಿ ಒತ್ತಿ, ತೆರೆದುಕೊಂಡ ಪುಟ್ಟ ಚೌಕದಲ್ಲಿ ಬರೆಯತೊಡಗುವಳು. ಹೊರಗೆ ಎಂಟೂವರೆಯಾಗಿರುತ್ತದೆ, ರೈಟರು ಕೊಡೆಯನ್ನು ತೆಗೆದುಕೊಂಡು ಅಂಗಳಕ್ಕಿಳಿಯುವರು.